ಜಂಟಿ ಆದಾಯ

ಹಣಕಾಸು ಮಂತ್ರಿಗಳು ನಮ್ಮ ಮಲಗುವ ಕೋಣೆಯವರೆಗೂ ಬಂದಾರು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬಜೆಟ್ಟು ಎಂದರೆ ನಮಗೆ ಯಾವುದು ತುಟ್ಟಿ, ಯಾವುದು ಅಗ್ಗ ಎನ್ನುವ ಒಂದು ದಿನದ ಹರಟೆ, ಅಷ್ಟೆ. ಮಾರನೆಯ ದಿನ ಅದೇ ಪತ್ರಿಕೆಯನ್ನು ಲ್ಯಾಬಿನ ಮೇಜಿನ ಮೇಲೆ ಹಾಸಿಕೊಂಡು, ಮಂತ್ರಿಗಳ ನಗುಮುಖದ ಮೇಲೆಯೇ ನಾನು ಪ್ಲಾಸ್ಟರು ಕಲಸುತ್ತಿದ್ದೆ.

ನನ್ನದು ಹಲ್ಲಿನ ಸೆಟ್ಟು ಮಾಡುವ ಕೆಲಸ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರು ಹೊಯ್ದು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಕೊನೆಗೆ ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತೇನೆ. ಮುಖ ಕಾಣದ ಜನರ ಬಾಯಿ ತುಂಬಿಸಿ ತುಂಬಿಸಿ ನನ್ನ ಬಾಯಿಗೆ ಸುಮ್ಮನಿರುವ ಅಭ್ಯಾಸವೇ ತಪ್ಪಿಹೋಗಿದೆ ಎಂದು ನಮ್ಮ ಅತ್ತೆ ಹೇಳುವುದುಂಟು. ಹೇಳಿಕೊಳ್ಳಲಿ. ಸುಮ್ಮನಿರುವವರ ಸಂಸಾರ ಹೇಗೆ ನಡೆಯುತ್ತದೆಂದು ನಾನೂ ನೋಡಿದ್ದೇನೆ.

ಆ ವರ್ಷದ ಬಜೆಟ್ಟಿನ ದಿನ ಲ್ಯಾಬಿನ ರೇಡಿಯೋ ಹಾಡು ನಿಲ್ಲಿಸಿ ಭಾಷಣ ಹಿಡಿದಿತ್ತು. ಉಜ್ಜುವ ಯಂತ್ರದ ಗಲಾಟೆಯಲ್ಲಿ ನನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಇದ್ದಕ್ಕಿದ್ದಂತೆ ಎಲ್ಲರೂ ಯಂತ್ರ ನಿಲ್ಲಿಸಿದರು. ಕುಟುಂಬವೇ ದೇಶದ ಅಡಿಪಾಯವಂತೆ. ಆದ್ದರಿಂದ ಗಂಡ ಹೆಂಡಿರಿಬ್ಬರೂ ದುಡಿಯುವ ಮನೆಗಳಲ್ಲಿ ಇನ್ನು ಮುಂದೆ ಇಬ್ಬರ ಸಂಬಳವನ್ನೂ ಕೂಡಿಸಿ, ಒಂದೇ ಆದಾಯವೆಂದು ಹಿಡಿದು ತೆರಿಗೆ ಹಾಕುತ್ತಾರಂತೆ. ಸಭೆಯಲ್ಲಿ ಮೇಜು ಕುಟ್ಟುವ ಸದ್ದು ಬಹಳ ಹೊತ್ತು ಕೇಳಿಸಿತು.

ನಮ್ಮ ಲ್ಯಾಬಿನ ಲೆಕ್ಕ ಬರೆಯುವವರನ್ನು ಎಲ್ಲರೂ ಪಾಯಿಂಟ್ ಮಾಮ ಎನ್ನುತ್ತೇವೆ. ಅವರ ಯಾವ ಮಾತೂ ಪಾಯಿಂಟ್ ಇಲ್ಲದೆ ಶುರುವಾಗುವುದಿಲ್ಲ. ನಾನು ಪ್ಲಾಸ್ಟರಿನ ಕೈಯಲ್ಲೇ ಹೋಗಿ ಅವರ ಮೇಜಿನ ಮುಂದೆ ನಿಂತೆ.

"ಪಾಯಿಂಟ್ ಏನಂದ್ರೆ," ಎಂದರು ಅವರು, "ಇಷ್ಟು ದಿನ ನೀನೂ ತೆರಿಗೆಯ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದೆ, ನಿನ್ನ ಗಂಡಾನೂ ಕೆಳಗಿನ ಮೆಟ್ಟಿಲಲ್ಲೇ ನಿಂತಿದ್ದ. ಈಗ ಸರ್ಕಾರ ನಿನ್ನನ್ನ ಅವನ ಹೆಗಲ ಮೇಲೆ ಹತ್ತಿಸಿ ಅಳತೆ ಮಾಡುತ್ತೆ. ತಲೆ ಮೇಲಿನ ಮೆಟ್ಟಿಲಿಗೆ ತಾಗುತ್ತೆ. ಅಲ್ಲಿ ಕಡಿತ ಬಹಳ."

"ಬಹಳ ಅಂದ್ರೆ?"

ಅವರು ಲೆಕ್ಕ ಮಾಡಿ ತೋರಿಸಿದರು. ತಿಂಗಳಿಗೆ ಕಡಿತವಾಗುವ ಹಣವೂ ನಮ್ಮ ಫ್ಲ್ಯಾಟಿನ ಕಂತಿನ ಹಣವೂ ಹೆಚ್ಚುಕಡಿಮೆ ಅವಳಿ ಮಕ್ಕಳ ಹಾಗಿದ್ದವು. ಆ ಎರಡು ಕೋಣೆಯ ಮನೆಗಾಗಿ ನಾವು ಹೊಸ ಚಪ್ಪಲಿಗೂ ಯೋಚನೆ ಮಾಡಿ ಬದುಕಿದವರು. ಕಂತು ತಪ್ಪಿದರೆ ಬ್ಯಾಂಕಿನವರು ಬಾಗಿಲಿಗೆ ಬರುವುದು ಗ್ಯಾರಂಟಿ.

ಸಂಜೆ ಮನೆಗೆ ಬಂದರೆ ಇವರು ಆಗಲೇ ಕೈ ತೊಳೆದುಕೊಂಡು ಕೂತಿದ್ದರು. ಇವರು ಲಿಫ್ಟ್ ರಿಪೇರಿ ಮಾಡುವವರು. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗುವುದಿಲ್ಲ. ಇವರಿಗೆ ಚಿಕ್ಕಂದಿನಿಂದ ಮಾತು ತಡೆಯುತ್ತದೆ. ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡರೆ ಕುತ್ತಿಗೆಯ ನರ ಉಬ್ಬಿ, ಕಣ್ಣು ಬೇರೆ ಕಡೆ ಹೊರಳುತ್ತದೆ. ನಾನು ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, "ನನ್ನ ಮಗನ ಮಾತು ನಡುವೆ ನಿಂತುಬಿಡುತ್ತೆ ಕಣಮ್ಮ. ಜನ ನಗ್ತಾರೆ. ಇಷ್ಟು ದಿನ ಉಳಿದಿದ್ದನ್ನ ನಾನು ಹೇಳಿ ಮುಗಿಸ್ತಿದ್ದೆ. ಇನ್ನು ಅದು ನಿನ್ನ ಕೆಲಸ," ಎಂದಿದ್ದರು. ಬೇರೆ ಅತ್ತೆಯಂದಿರು ಬೀಗದ ಕೈ ಕೊಡುತ್ತಾರಂತೆ, ನಮ್ಮ ಅತ್ತೆ ನನಗೆ ಮಗನ ಮಾತನ್ನೇ ಒಪ್ಪಿಸಿದರು. ನಾನು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದೆ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ನೆಂಟರ ಮುಂದೆ, ಎಲ್ಲಿ ಇವರು ತಡವರಿಸಿದರೂ ಉಳಿದರ್ಧ ನನ್ನ ಬಾಯಲ್ಲಿ ಸಿದ್ಧವಾಗಿರುತ್ತಿತ್ತು. ಇಪ್ಪತ್ತೊಂದು ವರ್ಷದಲ್ಲಿ ಒಬ್ಬನೇ ಒಬ್ಬನಿಗೂ ಇವರನ್ನು ನೋಡಿ ನಗಲು ನಾನು ಬಿಡಲಿಲ್ಲ. ನನಗದು ಹೆಮ್ಮೆಯಾಗಿತ್ತು. ಈಗಲೂ ಪೂರ್ತಿ ಹೋಗಿಲ್ಲ.

"ಕೇಳಿದ್ರಾ ಬಜೆಟ್ಟು?" ಎಂದೆ.

"ಕೇ... ಕೇಳ್ದೆ. ನಾ... ನಾವು..."

"ನಾವು ಏನು ಮಾಡೋದು ಅಂತ ತಾನೇ? ನನಗೂ ಅದೇ ಚಿಂತೆ."

ಎರಡು ತಿಂಗಳು ಕಡಿತವಾದ ಸಂಬಳದಲ್ಲಿ ಕಂತು ಕಟ್ಟಿದೆವು. ಅತ್ತೆಯ ಕಣ್ಣಿನ ಔಷಧಿಯನ್ನು ಮುಂದೂಡಿದೆವು. ಮೂರನೆಯ ತಿಂಗಳು ಕಂತು ಅರ್ಧವೇ ಹೋಯಿತು, ಬ್ಯಾಂಕಿನಿಂದ ಫೋನು ಬಂತು. ಅವತ್ತು ಪಾಯಿಂಟ್ ಮಾಮ ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು.

"ಪಾಯಿಂಟ್ ಏನಂದ್ರೆ, ಗಂಡ ಹೆಂಡತಿ ಆಗಿದ್ರೆ ತಾನೇ ಕೂಡಿಸೋದು? ಕಾನೂನಿನ ಕಣ್ಣಲ್ಲಿ ಬೇರೆ ಆಗಿಬಿಡಿ. ಕಾಗದದ ಮೇಲೆ ಮಾತ್ರ. ಎಷ್ಟೋ ಜನ ಆಗ್ಲೇ ಅರ್ಜಿ ಹಾಕಿದಾರೆ. ಬೇರೆ ಬೇರೆ ವಿಳಾಸದಲ್ಲಿದ್ದು ಅರ್ಜಿ ಕೊಟ್ಟ ತಿಂಗಳಿಂದಲೇ ಕಡಿತ ನಿಲ್ಲಿಸ್ತಾರೆ. ಮುಂದೆ ಯಾವನೋ ಒಳ್ಳೆ ಮಂತ್ರಿ ಬರ್ತಾನೆ, ಆಮೇಲೆ ಮತ್ತೆ ಮದುವೆ ಆಗಿ. ನಂಗೂ ಒಂದು ಊಟ ಹಾಕ್ಸಿ."

ಈ ಮಾತನ್ನು ಮನೆಯಲ್ಲಿ ಹೇಳಿದಾಗ ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಇಲಿಗೆ ಹೆದರಿ ಮನೆಗೇ ಬೆಂಕಿ ಇಟ್ಟರಂತೆ. ಹಾಗಾಯ್ತು ನಿನ್ನ ಬುದ್ಧಿ."

"ಬೆಂಕಿ ಕಾಗದಕ್ಕೆ ಮಾತ್ರ ಅತ್ತೆ. ಮನೆ ಉಳಿಸೋಕೇ ತಾನೇ ಇದೆಲ್ಲ?"

ಇವರು ನನ್ನ ಮುಖ ನೋಡಿದರು. "ನಂ... ನಂಗೆ ಇದು..." ಎಂದು ಶುರು ಮಾಡಿದರು. ಕುತ್ತಿಗೆಯ ನರ ಉಬ್ಬಿತು.

"ಇವರಿಗೂ ಇದೇ ಸರಿ ಅನ್ಸುತ್ತಂತೆ ಅತ್ತೆ," ಎಂದೆ ನಾನು. ಇವರು ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದರು. ಅದನ್ನು ಒಪ್ಪಿಗೆ ಎನ್ನದೆ ಇನ್ನೇನೆನ್ನಬೇಕಿತ್ತು?

ಬೇರೆ ವಿಳಾಸವೆಂದರೆ ಬಾಡಿಗೆ. ಬಾಡಿಗೆ ಕೊಡುವ ಹಾಗಿದ್ದರೆ ತೆರಿಗೆಯನ್ನೇ ಕಟ್ಟುತ್ತಿರಲಿಲ್ಲವೇ? ಅದಕ್ಕೂ ದಾರಿ ಸಿಕ್ಕಿತು. ನಮ್ಮ ಲ್ಯಾಬಿನ ಎದುರು ರಸ್ತೆ ದಾಟಿದರೆ ಹದಿನಾಲ್ಕು ಅಂತಸ್ತಿನ ವಸತಿ ಕಟ್ಟಡವೊಂದಿದೆ. ಅದರ ಲಿಫ್ಟಿನ ಉಸ್ತುವಾರಿ ಇವರದೇ. ತಾರಸಿಯ ಮೇಲೆ ಲಿಫ್ಟಿನ ಮೋಟಾರು ಇಡುವ ಕೋಣೆ, ಅದಕ್ಕಂಟಿಕೊಂಡು ಹಳೆಯ ಸಾಮಾನು ತುಂಬಿದ್ದ ಇನ್ನೊಂದು ಸಣ್ಣ ಕೋಣೆ. ರಾತ್ರಿ ಲಿಫ್ಟು ಕೆಟ್ಟರೆ ಆಳು ಅಲ್ಲೇ ಇರುತ್ತಾನೆಂದು ಕಟ್ಟಡದವರು ಖುಷಿಯಿಂದಲೇ ಬಿಟ್ಟುಕೊಟ್ಟರು. ಇವರು ಒಂದು ಚೀಲ, ಒಂದು ಹಾಸಿಗೆ, ಪಾಕೆಟ್ ರೇಡಿಯೋ ತೆಗೆದುಕೊಂಡು ಹೊರಟರು. ಅತ್ತೆ ಅಲ್ಲಿ ಇರುವುದು ಹೇಗೆ? ಅವರು ನನ್ನ ಜೊತೆಯೇ ಉಳಿದರು. ಗಂಡನನ್ನು ಬಿಟ್ಟು ಅತ್ತೆಯನ್ನು ಇಟ್ಟುಕೊಂಡ ಹೆಂಗಸು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕೆಂದು ಪಾಯಿಂಟ್ ಮಾಮ ಊರನ್ನೆಲ್ಲ ನಗಿಸಿದರು. ನಾನೂ ನಕ್ಕೆ. ಆಗಿನ್ನೂ ನಗು ಬರುತ್ತಿತ್ತು.

ಜೋಡಿಗಳು ನಿಜವಾಗಿ ಬೇರೆ ಇದ್ದಾರೋ ಇಲ್ಲವೋ ಎಂದು ತೆರಿಗೆ ಇಲಾಖೆಯವರು ತಪಾಸಣೆಗೆ ಬರುತ್ತಿದ್ದರು. ಹಾಗಾಗಿ ನಾನು ಮೇಲೆ ಹೋಗುವಂತಿರಲಿಲ್ಲ, ಇವರು ಮನೆಗೆ ಬರುವಂತಿರಲಿಲ್ಲ. ಫೋನಿನಲ್ಲಿ ಇವರಿಗೆ ಮಾತು ಇನ್ನೂ ಹೆಚ್ಚು ತಡೆಯುತ್ತದೆ. ನಾನೇ ಕೇಳಿ, ನಾನೇ ಉತ್ತರ ಹೇಳಿ, ನಾನೇ ಇಡುತ್ತಿದ್ದೆ. ಊಟಕ್ಕೆ ಮಾತ್ರ ಒಂದು ಉಪಾಯ ಮಾಡಿಕೊಂಡಿದ್ದೆವು. ಮಧ್ಯಾಹ್ನ ನಾನು ರಸ್ತೆ ದಾಟಿ, ಡಬ್ಬಿಯನ್ನು ಲಿಫ್ಟಿನ ಮೂಲೆಯಲ್ಲಿಟ್ಟು, ಕೊನೆಯ ಅಂತಸ್ತಿನ ಗುಂಡಿ ಒತ್ತಿ ಹೊರಗೆ ಬರುತ್ತಿದ್ದೆ. ಬಾಗಿಲು ಮುಚ್ಚಿ ಡಬ್ಬಿ ಒಂದೇ ಮೇಲೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹಿಂದಿನ ದಿನದ ಖಾಲಿ ಡಬ್ಬಿ ಇಳಿದು ಬರುತ್ತಿತ್ತು. ನಡುವಿನ ಅಂತಸ್ತಿನಲ್ಲಿ ಹತ್ತಿದವರು ಒಂಟಿ ಡಬ್ಬಿಯನ್ನು ನೋಡಿ, "ಇದಕ್ಕೆ ಎಷ್ಟನೇ ಅಂತಸ್ತು?" ಎಂದು ತಮಾಷೆ ಮಾಡುತ್ತಿದ್ದರಂತೆ. ಕದ್ದುಮುಚ್ಚಿ ಪ್ರೀತಿಸುವವರ ಹಾಗೆ ನನ್ನ ಎದೆ ಢವಢವ ಅನ್ನುತ್ತಿತ್ತು. ಈ ವಯಸ್ಸಿನಲ್ಲಿ ಇದೂ ಒಂದು ಸುಖ ಎಂದುಕೊಂಡೆ.

ಕಡಿತ ನಿಂತಿತು. ಕಂತು ಸರಿಯಾಗಿ ಹೋಯಿತು. ಅತ್ತೆಗೆ ಕಣ್ಣಿನ ಔಷಧಿ ಬಂತು.

ವಿಚ್ಛೇದನದ ಅರ್ಜಿಗೆ ಕೋರ್ಟಿನ ಸಲಹೆಗಾರ್ತಿಯ ಮುಂದೆ ಕೂರಬೇಕಿತ್ತು. ಕಾರಣ ಏನೆಂದು ಕೇಳಿದರೆ ಹೊಂದಾಣಿಕೆ ಇಲ್ಲ ಎನ್ನುವುದೆಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಅಂದರೆ ನಾನು ಮಾತಾಡಿದ್ದೆ, ಇವರು ಕೇಳಿದ್ದರು. ಸಲಹೆಗಾರ್ತಿ ಕನ್ನಡಕದ ಹಿಂದೆ ದಣಿದ ಕಣ್ಣಿದ್ದ ಹೆಂಗಸು. ಈ ವರ್ಷ ಎಷ್ಟು ಸುಳ್ಳು ಜಗಳ ಕೇಳಿದ್ದರೋ ಪಾಪ.

"ಹೊಂದಾಣಿಕೆ ಇಲ್ಲ ಅಂತ ಎಲ್ಲರೂ ಹೇಳ್ತಾರೆ," ಎಂದರು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನಿಮ್ಮದು ಯಾಕೆ ಅದನ್ನ ದಾಟ್ತು? ಏನಾದ್ರೂ ಒಂದು ಉದಾಹರಣೆ ಕೊಡಿ."

ನಾನು ನನ್ನ ಪಾಠ ಒಪ್ಪಿಸಿದೆ. ಇವರು ಒದ್ದೆ ಟವೆಲ್ಲು ಹಾಸಿಗೆ ಮೇಲೆ ಬಿಸಾಡುತ್ತಾರೆ, ಹಬ್ಬ ಹರಿದಿನ ಅಂತಿಲ್ಲ ಲಿಫ್ಟು ಲಿಫ್ಟು ಅಂತ ಹೊರಟುಬಿಡುತ್ತಾರೆ, ಹೀಗೆ. ಆಮೇಲೆ ಸಲಹೆಗಾರ್ತಿ ಇವರ ಕಡೆ ತಿರುಗಿದರು.

"ಇ... ಇವಳು..." ಎಂದರು ಇವರು.

"ನಾನು ಬಹಳ ಹಟ ಮಾಡ್ತೀನಂತೆ," ಎಂದೆ.

"ಅಮ್ಮ, ಅವರು ಹೇಳಲಿ."

ಸಲಹೆಗಾರ್ತಿ ಪೆನ್ನು ಕೆಳಗಿಟ್ಟು ಕಾದರು. ನನ್ನ ನಾಲಿಗೆ ತುರಿಸುತ್ತಿತ್ತು. ಇವರು ಮೇಜಿನ ಅಂಚು ಹಿಡಿದುಕೊಂಡು, ಒಂದೊಂದೇ ಪದವನ್ನು ಹೊರಗೆ ತಳ್ಳಿದರು. "ನನ್ನ ಮಾ... ಮಾತನ್ನ ಇವಳೇ ಮುಗಿಸ್ತಾಳೆ. ಯಾ... ಯಾವಾಗಲೂ."

ಅವರು ಏನೋ ಬರೆದುಕೊಂಡರು. ಹೊರಗೆ ಬಂದ ಮೇಲೆ ನಾನು ಇವರ ಭುಜ ತಟ್ಟಿದೆ. "ಭೇಷ್ ಕಣ್ರೀ. ಎಲ್ಲಿಂದ ಹೊಳೀತು ನಿಮಗೆ? ಆಯಮ್ಮ ಪೂರ್ತಿ ನಂಬಿಬಿಟ್ರು. ಮಾತು ತಡೆದಿದ್ದೂ ಒಳ್ಳೇದೇ ಆಯ್ತು ನೋಡಿ." ಇವರು ನನ್ನನ್ನು ಒಂದು ಥರಾ ನೋಡಿದರು. ಆಮೇಲೆ ತಪಾಸಣೆಯವರ ಕಣ್ಣಿಗೆ ಬೀಳಬಾರದೆಂದು ನಾವಿಬ್ಬರೂ ಬೇರೆ ಬೇರೆ ಬಸ್ಸು ಹತ್ತಿದೆವು.

ಕೊನೆಯ ವಿಚಾರಣೆಗೆ ಕೋರ್ಟು ಮುಂದಿನ ಬಜೆಟ್ಟಿನ ಹೊತ್ತಿಗೆ ದಿನ ಕೊಟ್ಟಿತು. ನಡುವಿನ ತಿಂಗಳುಗಳಲ್ಲಿ ಏನೂ ಆಗಲಿಲ್ಲ ಎಂದೇ ಹೇಳಬೇಕು. ಆದರೆ ಒಂದು ದಿನ ಲಿಫ್ಟಿನಲ್ಲಿ ಇಳಿದು ಬಂದ ಡಬ್ಬಿ ತೊಳೆದಿತ್ತು. ಸಂಸಾರ ಮಾಡಿದಷ್ಟು ದಿನ ಒಂದು ಚಮಚ ತೊಳೆಯದವರು ಡಬ್ಬಿ ತೊಳೆದು, ಒರೆಸಿ, ಮುಚ್ಚಳ ಬಿಗಿದು ಕಳಿಸಿದ್ದರು. ನಾನು ಲಿಫ್ಟಿನ ಬಾಗಿಲಲ್ಲೇ ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಇನ್ನೊಂದು ದಿನ ಡಬ್ಬಿ ತುಂಬಿಯೇ ಇಳಿಯಿತು, ಹಾಕಿದ ಅಡುಗೆ ಹಾಗೇ ಇತ್ತು. ಫೋನು ಮಾಡಿದರೆ, "ನಾ... ನಾನೇ ಮಾ..." ಎಂದರು.

"ನೀವೇ ಮಾಡ್ಕೊಂಡ್ರಾ? ಯಾಕೆ, ನನ್ನ ಅಡುಗೆಗೆ ಏನಾಗಿದೆ? ಹೊಟ್ಟೆ ಸರಿ ಇಲ್ವಾ? ಜ್ವರಾನಾ?"

ಉತ್ತರಕ್ಕೆ ಕಾಯದೆ ನಾನೇ ಫೋನು ಇಟ್ಟೆ.

ಅವತ್ತಿನಿಂದ ನನ್ನ ನೆಮ್ಮದಿ ಕೆಟ್ಟಿತು. ಮೇಣದಲ್ಲಿ ಹಲ್ಲು ಕೂರಿಸುವಾಗ ಗಮನ ತಪ್ಪಿ ಒಬ್ಬರ ಮುಂದಿನ ಹಲ್ಲು ಸೊಟ್ಟ ಕೂತಿತು, ವೈದ್ಯರಿಂದ ಬೈಸಿಕೊಂಡೆ. ಆ ಕಟ್ಟಡದ ಕಾವಲುಗಾರ ನನ್ನನ್ನು ಡಬ್ಬಿಯಮ್ಮ ಎಂದೇ ಕರೆಯುವವನು. ಏನೋ ನೆಪ ಮಾಡಿಕೊಂಡು ಅವನನ್ನು ಮಾತಾಡಿಸಿದರೆ, "ನಿಮ್ಮೆಜಮಾನ್ರು ಈಗ ಚೆನ್ನಾಗಿದಾರಮ್ಮ. ಮುಂಚೆ ತಲೆ ಬಗ್ಗಿಸಿಕೊಂಡು ಹೋಗೋರು, ಈಗ ನಿಂತು ನಾಕು ಮಾತಾಡ್ತಾರೆ," ಎಂದ. ನಾಕು ಮಾತು! ಇವರು, ಕಾವಲುಗಾರನ ಜೊತೆ! ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಮೇಲೆ ಯಾವಳಾದರೂ ಬರುತ್ತಿದ್ದಾಳೋ ಎಂಬ ಹುಳವೂ ತಲೆಗೆ ಹೊಕ್ಕಿತು. ಅತ್ತೆಗೆ ಹೇಳಿದರೆ, "ಗ್ರೀಸಿನ ಕೈ ಹಿಡಿಯೋಕೆ ನಿನ್ನ ಬಿಟ್ಟು ಯಾರು ಬರ್ತಾರೆ ಸುಮ್ನಿರು," ಎಂದರು. ಆದರೆ ಅತ್ತೆಯೂ ಬೆಳಿಗ್ಗೆ ಎದ್ದು ಬಾಲ್ಕನಿಯಿಂದ, ದೂರಕ್ಕೆ ಕಾಣುವ ಆ ಕಟ್ಟಡದ ನೆತ್ತಿಯ ಕಡೆ ನೋಡುವುದನ್ನು ನಾನು ಕಂಡಿದ್ದೆ.

ಮತ್ತೆ ಬಜೆಟ್ಟಿನ ದಿನ ಬಂತು. ಮಾರನೆಯ ದಿನವೇ ನಮ್ಮ ವಿಚಾರಣೆ. ಲ್ಯಾಬಿನಲ್ಲಿ ಯಾರೂ ಯಂತ್ರ ಮುಟ್ಟದೆ ರೇಡಿಯೋದ ಸುತ್ತ ಕೂತಿದ್ದೆವು. ಹೊಸ ಮಂತ್ರಿಗಳು ನಡುವೆ ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಹೇಳಿದರು: ಗಂಡ ಹೆಂಡಿರ ಆದಾಯ ಕೂಡಿಸುವ ಪದ್ಧತಿಯನ್ನು ಕೈಬಿಡಲಾಗಿದೆ, ಇನ್ನು ಅವರವರ ದುಡಿಮೆಗೆ ಅವರವರದೇ ಲೆಕ್ಕ. ಪಾಯಿಂಟ್ ಮಾಮ ಎದ್ದು ನಿಂತು, "ಎಲ್ಲಿ ಕಣಮ್ಮ ನನ್ನ ಊಟ?" ಎಂದರು. ನಾನು ಏಪ್ರನ್ನು ಬಿಚ್ಚಿ ಬಿಸಾಡಿ ರಸ್ತೆಗೆ ಓಡಿದೆ. ತಪಾಸಣೆಯವರು ಬಂದರೆ ಬರಲಿ, ಇನ್ನು ಯಾರ ಭಯ?

ಲಿಫ್ಟು ಕೊನೆಯ ಅಂತಸ್ತಿನವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಕಬ್ಬಿಣದ ಕಿರಿದಾದ ಮೆಟ್ಟಿಲು. ಅರ್ಧ ಹತ್ತಿರಬೇಕು, ಮೇಲಿನಿಂದ ಗಂಡಸಿನ ದನಿ ಕೇಳಿಸಿತು. ಯಾರೋ ಯಾರಿಗೋ ನಿಧಾನವಾಗಿ, ಎಲ್ಲೂ ನಿಲ್ಲದೆ ಏನನ್ನೋ ಹೇಳುತ್ತಿದ್ದರು. ಒಳ್ಳೆಯ ದನಿ. ಸ್ವಲ್ಪ ಒರಟು, ಆದರೆ ತುಂಬಿದ ದನಿ. ಯಾರೋ ಬಂದು ಕೂತಿದ್ದಾರೆ, ಇವರು ಎಂದಿನಂತೆ ಕೇಳುತ್ತಾ ಕೂತಿದ್ದಾರೆ ಎಂದುಕೊಂಡು ಬಾಗಿಲ ಸಂದಿಯಲ್ಲಿ ನೋಡಿದೆ.

ಇವರೊಬ್ಬರೇ ಇದ್ದರು. ಗೋಡೆಗೆ ಹೊಸದಾಗಿ ಬಡಿದ ಹಲಗೆ, ಅದರ ಮೇಲೆ ಒಂದೇ ತಟ್ಟೆ, ಒಂದೇ ಲೋಟ, ಪಕ್ಕದಲ್ಲಿ ಸಣ್ಣ ಸ್ಟೌವು. ಇವರು ನನ್ನ ಕಡೆ ಬೆನ್ನು ಮಾಡಿ, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಸುದ್ದಿಯನ್ನು ಜೋರಾಗಿ ಓದುತ್ತಿದ್ದರು. "ಗಂಡ ಹೆಂಡಿರ ಆದಾಯವನ್ನು ಕೂಡಿಸುವ ಪದ್ಧತಿಯನ್ನು ಕೈಬಿಡಲಾಗಿದ್ದು, ಈ ನಿರ್ಧಾರ ಬರುವ ತಿಂಗಳಿನಿಂದಲೇ ಜಾರಿಗೆ ಬರಲಿದೆ." ಎಲ್ಲೂ ಎಡವಲಿಲ್ಲ. ಮತ್ತೆ ಅದನ್ನೇ ಮೊದಲಿನಿಂದ ಓದಿದರು. ಇಪ್ಪತ್ತೊಂದು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳು ನಾನು, ಈ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ. ನನ್ನ ಮೈ ಜುಮ್ಮೆಂದಿತು. ಇನ್ನೂ ಓದಲಿ, ಬಜೆಟ್ಟು ಪೂರ್ತಿ ಓದಲಿ, ನಾನು ಇಲ್ಲೇ ಮೆಟ್ಟಿಲ ಮೇಲೆ ಕೂತಿರುತ್ತೇನೆ ಎನ್ನಿಸಿತು.

ನನ್ನ ಕಾಲಡಿಯ ಕಬ್ಬಿಣ ಸದ್ದು ಮಾಡಿತು. ಇವರು ತಿರುಗಿ ನೋಡಿದರು. ದನಿ ನಿಂತೇಹೋಯಿತು.

"ಗೊತ್ತಾಯ್ತಾ?" ಎಂದೆ, ಏದುಸಿರು ಬಿಡುತ್ತಾ.

"ಗೊ... ಗೊ..."

"ಗೊತ್ತಾಯ್ತು ಅಂತಾಯ್ತು. ಯಾವಾಗ ಗೊತ್ತಾಯ್ತು? ಫೋನಾದ್ರೂ ಮಾಡಬಾರದಾ? ಇರ್ಲಿ ಬಿಡಿ. ನಾಳೆ ಕೋರ್ಟಲ್ಲಿ ಅರ್ಜಿ ವಾಪಸ್ ತಗೊಂಡು ಸೀದಾ ಮನೆಗೆ ಹೋಗೋಣ. ಈ ಹಾಸಿಗೆ ಇಲ್ಲೇ ಬಿಡಿ, ತಿಗಣೆ ಇರುತ್ತೆ. ಅತ್ತೆಗೆ ಹೇಳಿಲ್ಲ ಇನ್ನೂ. ಏನ್ರೀ?"

"ನಾ... ನಾನು..."

"ನೀವು ಏನೂ ಯೋಚ್ನೆ ಮಾಡ್ಬೇಡಿ, ಎಲ್ಲ ನಾನು ಹೇಳ್ತೀನಿ ಕೋರ್ಟಲ್ಲಿ."

ಇವರು ತಲೆಯಾಡಿಸಲಿಲ್ಲ. ತಲೆಯಾಡಿಸಲಿಲ್ಲವೆಂದು ನಾನು ಇನ್ನಷ್ಟು ಮಾತಾಡಿದೆ. ಮನೆಯ ನಲ್ಲಿ ಸೋರುವುದನ್ನು ಹೇಳಿದೆ, ಪಕ್ಕದ ಮನೆಯವರ ಜಗಳ ಹೇಳಿದೆ, ಅತ್ತೆಯ ಕಣ್ಣು ಹೇಳಿದೆ. ಬಾವಿಗೆ ಬಿದ್ದವರು ಹಗ್ಗಕ್ಕೆ ಕೈ ಹಾಕುವ ಹಾಗೆ ಸಿಕ್ಕ ಸಿಕ್ಕ ಮಾತಿಗೆ ಜೋತುಬಿದ್ದೆ. ಇವರು ಗ್ರೀಸಿನ ಬೆರಳಿನಿಂದ ಫೋನಿನ ಗಾಜನ್ನು ಒರೆಸುತ್ತಾ ನಿಂತೇ ಇದ್ದರು. ಪಕ್ಕದ ಕೋಣೆಯಲ್ಲಿ ಮೋಟಾರು ಒಮ್ಮೆ ತಿರುಗಿ ನಿಂತಿತು. ಕೊನೆಗೆ ನಾನೊಬ್ಬಳೇ ಮೆಟ್ಟಿಲಿಳಿದೆ.

ಮನೆಗೆ ಹೋದರೆ ಅತ್ತೆಗೆ ಆಗಲೇ ಸುದ್ದಿ ಮುಟ್ಟಿತ್ತು. "ಬಂದನಾ?" ಎಂದು ನನ್ನ ಬೆನ್ನ ಹಿಂದೆ ಇಣುಕಿದರು. ನಾಳೆ, ಎಂದೆ.

ಮಾರನೆಯ ದಿನ ಕೋರ್ಟಿನ ಹೊರಗೆ ಮದುವೆಮನೆಯ ಕಳೆ. ಅರ್ಜಿ ವಾಪಸು ಪಡೆಯಲು ಬಂದ ಜೋಡಿಗಳು ಸಾಲು ನಿಂತಿದ್ದವು. ಯಾರೋ ಹೆಂಡತಿಯ ಕೈಗೆ ಹೂಗುಚ್ಛ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಂಬದ ಹತ್ತಿರ ನಿಂತಿದ್ದರು. ಇಸ್ತ್ರಿ ಯಾರು ಮಾಡಿದರೆಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ನಮ್ಮ ಸರದಿ ಬಂದಾಗ ನ್ಯಾಯಾಧೀಶರು ನಗುತ್ತಲೇ ಇದ್ದರು. "ನಿಮ್ಮದೂ ವಾಪಸ್ ತಾನೇ?"

"ಹೌದು ಸ್ವಾಮಿ," ಎಂದೆ ನಾನು. "ತಪ್ಪಾಯ್ತು. ನಾನು ಹೇಳಿದ್ದ ಕಾರಣ ಎಲ್ಲ ಸುಳ್ಳು. ಟವೆಲ್ಲು, ಲಿಫ್ಟು ಎಲ್ಲ ಸುಳ್ಳು. ತೆರಿಗೆಗೆ ಹೆದರಿ ಹಾಗೆ ಹೇಳಿದ್ವಿ. ದಂಡ ಹಾಕೋದಾದ್ರೆ ಹಾಕಿ, ಕಟ್ತೀವಿ. ನನ್ನ ಗಂಡನ್ನ ಮನೆಗೆ ಕರ್ಕೊಂಡು ಹೋಗ್ತೀನಿ."

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ನ್ಯಾಯಾಧೀಶರು ಇವರ ಕಡೆ ನೋಡಿದರು. "ನೀವು ಹೇಳಿದ್ದು?"

ಇವರು ಬಾಯಿ ತೆರೆದರು. ಶಬ್ದ ಬರಲಿಲ್ಲ. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಇವರು ನನ್ನ ಕಡೆ ಕೈ ಚಾಚಿ, ಅಂಗೈ ತೋರಿಸಿ, ತಡೆ ಎಂದು ಸನ್ನೆ ಮಾಡಿದರು. ನನ್ನನ್ನು ಹಾಗೆ ಇವರು ಎಂದೂ ತಡೆದವರಲ್ಲ.

ಬಹಳ ಹೊತ್ತು ಹಿಡಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇಷ್ಟು ವರ್ಷ ನಾನು ಯಾವ ನಗುವಿಗೆ ಅಡ್ಡ ನಿಂತಿದ್ದೆನೋ ಅದೇ ನಗು. ಇವರು ಅದಕ್ಕೆ ಸೊಪ್ಪು ಹಾಕಲಿಲ್ಲ. ಕುತ್ತಿಗೆ ನೆಟ್ಟಗೆ ಮಾಡಿ, ನ್ಯಾಯಾಧೀಶರನ್ನೇ ನೋಡುತ್ತಾ, ಎಡವಿದಲ್ಲೆಲ್ಲ ನಿಂತು, ಮತ್ತೆ ಅಲ್ಲಿಂದಲೇ ಎತ್ತಿಕೊಂಡು ಹೇಳಿದರು.

"ನಾನು ಹೇಳಿದ್ದು ಸು... ಸುಳ್ಳಲ್ಲ. ಈ ವಿಚ್ಛೇದನ ಬೇ... ಬೇಡ ಅಂತ ಹೇಳಕ್ಕೆ ಹೊರಟಿದ್ದೆ ನಾನು ಮೊದಲ ದಿನ. ಇವಳು ನನ್ನ ಪರವಾಗಿ ಹೂಂ ಅಂದ್ಲು. ಇವಳು ಕೆ... ಕೆಟ್ಟವಳಲ್ಲ. ನನ್ನನ್ನ ನೋಡಿ ಯಾರೂ ನಗದ ಹಾಗೆ ನೋಡ್ಕೊಂಡ್ಲು. ಆದ್ರೆ ಮೇಲೆ ಹೋದ ಮೇಲೆ ನನ್ನ ದನಿ ನನಗೇ ಕೇ... ಕೇಳಿಸ್ತು. ಈಗ ವಾಪಸ್ ಬರಕ್ಕೆ ಆಗಲ್ಲ."

ಅಷ್ಟನ್ನೂ ನಾನು ಕೇಳಿದೆ. ನಡುವೆ ಬಾಯಿ ಹಾಕಲಿಲ್ಲ.

ನ್ಯಾಯಾಧೀಶರ ನಗು ಹೋಗಿತ್ತು. ಅವರು ನನ್ನ ಕಡೆ ಬಗ್ಗಿ, "ಅಮ್ಮ, ಇದು ಇಬ್ಬರೂ ಒಪ್ಪಿ ಹಾಕಿದ ಅರ್ಜಿ. ಒಬ್ಬರು ಬೇಡ ಅಂದ್ರೆ ಇಲ್ಲಿಗೇ ಬಿದ್ದುಹೋಗುತ್ತೆ. ನೀವು ಬೇಡ ಅಂತೀರಾ?" ಎಂದರು.

ಬೇಡ ಎಂದರೆ ಸಾಕಿತ್ತು. ಕಾನೂನು ನನ್ನ ಕಡೆಗಿತ್ತು, ಬಜೆಟ್ಟು ನನ್ನ ಕಡೆಗಿತ್ತು. ಕೈ ಹಿಡಿದು ಎಳೆದುಕೊಂಡು ಹೋಗಿ ಆ ಎರಡು ಕೋಣೆಯ ಮನೆಯಲ್ಲಿ ಕೂರಿಸಬಹುದಿತ್ತು. ತಲೆ ತಗ್ಗಿಸಿ ಬರುತ್ತಲೂ ಇದ್ದರು, ನನಗೆ ಗೊತ್ತು. ಅಯ್ಯೋ, ನನಗೆ ಬೇಕಾಗಿತ್ತು. ಮನೆ ಬೇಕಾಗಿತ್ತು, ಇವರು ಬೇಕಾಗಿತ್ತು, ಹಾಸಿಗೆ ಮೇಲಿನ ಒದ್ದೆ ಟವೆಲ್ಲೂ ಬೇಕಾಗಿತ್ತು. ಬಾಗಿಲ ಸಂದಿಯಲ್ಲಿ ಕೇಳಿದ ಆ ದನಿ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿತ್ತು. ಆದರೆ ನಾನು ಕಾಲಿಟ್ಟ ಕೂಡಲೇ ಅದು ನಿಂತುಹೋದದ್ದನ್ನು ನನ್ನ ಕಣ್ಣಾರೆ ನೋಡಿದ್ದೆ. ಇವರು ತಮ್ಮ ಮಾತು ತಾವೇ ಮುಗಿಸಿದ್ದರು. ಆದರೂ ಅದು ನಡೆಯಬೇಕಾದರೆ ಉಳಿದ ಒಂದು ಮಾತು ನನ್ನ ಬಾಯಿಂದಲೇ ಬರಬೇಕಿತ್ತು.

"ಅವರು ಹೇಳಿದ ಹಾಗೇ ಆಗ್ಲಿ," ಎಂದೆ.

ಹೊರಗೆ ಅವರು ನನ್ನ ಹತ್ತಿರ ಬಂದು ಏನೋ ಹೇಳಲು ನಿಂತರು. ಅ... ಎಂದು ಶುರು ಮಾಡಿದರು. ಅಮ್ಮನ ವಿಷಯ ಹೇಳಲು ಹೊರಟಿದ್ದರೋ, ಬೇರೇನೋ, ನನಗೆ ಕಾಯುವ ಶಕ್ತಿ ಉಳಿದಿರಲಿಲ್ಲ. ನಾನು ಬಸ್ಸಿನ ಕಡೆ ನಡೆದೆ. ಹೂಗುಚ್ಛದ ಜೋಡಿ ನನ್ನನ್ನು ನಿಲ್ಲಿಸಿ, ತಮ್ಮಿಬ್ಬರ ಫೋಟೋ ತೆಗೆದುಕೊಡಿ ಎಂದು ಫೋನು ಕೊಟ್ಟಿತು. ತೆಗೆದುಕೊಟ್ಟೆ.

ಮನೆಯ ಬಾಗಿಲು ತೆರೆದೇ ಇತ್ತು. ಅತ್ತೆ ಮಂಜುಗಣ್ಣಿನಲ್ಲೇ ಅಡುಗೆ ಮಾಡಿ, ಮೂರು ತಟ್ಟೆ ಇಟ್ಟು ಕೂತಿದ್ದರು. ಮಗನ ತಟ್ಟೆಯ ಪಕ್ಕ ಒಣಗಿದ ಟವೆಲ್ಲು ಮಡಿಸಿಟ್ಟಿದ್ದರು. ನನ್ನ ಹೆಜ್ಜೆಯ ಸದ್ದಿಗೆ ಮುಖ ಎತ್ತಿದರು.

"ಎಲ್ಲಿ ಅವನು?"

ಕಾನೂನಿನ ಪ್ರಕಾರ ಅವರು ಈಗ ನನಗೆ ಅತ್ತೆಯೂ ಅಲ್ಲ. ಗೋಡೆ ಹಿಡಿದು ಚಪ್ಪಲಿ ಬಿಟ್ಟೆ. ಹೇಳಲೇಬೇಕಿತ್ತು. "ಅತ್ತೆ, ಅವರು..." ಎಂದೆ. ಇನ್ನೊಂದು ಸಲ "ಅವರು..." ಎಂದೆ. ಮುಂದಿನ ಪದ ಬಾಯಿಗೆ ಬರಲೇ ಇಲ್ಲ.

ಅತ್ತೆ ಸ್ವಲ್ಪ ಹೊತ್ತು ಕಾದರು. ಆಮೇಲೆ, ಮಗನಿಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಹಾಗೆಯೇ, ಮೆಲ್ಲಗೆ ನನ್ನ ಮಾತನ್ನು ಹೇಳಿ ಮುಗಿಸಿದರು.

"ಲೇಟಾಗಿ ಬರ್ತಾನೆ ಅಂತ ತಾನೇ?"

ನಾನು ತಲೆ ತಗ್ಗಿಸಿದೆ. ಅತ್ತೆ ಎದ್ದು, ಮಗನ ತಟ್ಟೆಗೆ ಬಡಿಸಿ, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟರು.